ಹೊಟ್ಟೆಯ ತೊಂದರೆಗೆ ಅಜವಾನ: ಆರಿಸುವ, ಅಳೆಯುವ, ಬಳಸುವ ಕ್ರಮ

ಸಂಕ್ರಮಣದ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುವಾಗ ಮನೆಯೊಳಗೆ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮನೆಯ ಹೊರಗೆ ಮಿರ್ಚಿ ಭಜಿ, ಚುರುಮುರಿ ಎಂದು ಹೊಟ್ಟೆಗೆ ಬಿಡುವೇ ಇರುವುದಿಲ್ಲ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಯಾರಾದರೊಬ್ಬರು ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಮ್ಮ ಅವ್ವ ಅಂಥವರನ್ನು ನೋಡಿದ ಕೂಡಲೇ ಅಜವಾನದ ಡಬ್ಬಿಗೆ ಕೈ ಹಾಕುತ್ತಿರಲಿಲ್ಲ, ಮೊದಲು ಕೇಳುತ್ತಿದ್ದಳು, "ಉಬ್ಬೈತೇನು, ಉರಿಯಾಕತ್ತೈತೇನು? ಮೊದಲ ಅದನ್ನ ಹೇಳು." ಉಬ್ಬಿದೆ ಎಂದರೆ ಅಜವಾನ ಸಿಗುತ್ತಿತ್ತು, ಉರಿಯುತ್ತಿದೆ ಎಂದರೆ ಒಂದು ತಂಬಿಗೆ ನೀರು ಸಿಗುತ್ತಿತ್ತು. ಈ ಮಾರ್ಗದರ್ಶಿಯಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಆ ಪ್ರಶ್ನೆಯಲ್ಲಿಯೇ ಇದೆ. ಅಜವಾನ ಒಳ್ಳೆಯ ಮನೆಮದ್ದು, ಆದರೆ ಅದು ಹೊಟ್ಟೆಯ ಒಂದು ಬಗೆಯ ತೊಂದರೆಗೆ ಮಾತ್ರ ಮದ್ದು. ಯಾವ ಹೊಟ್ಟೆನೋವಿಗೂ ಕಣ್ಣುಮುಚ್ಚಿ ಕೊಟ್ಟರೆ ಕೆಲವೊಮ್ಮೆ ತೊಂದರೆ ಹೆಚ್ಚುತ್ತದೆ, ಕೆಲವೊಮ್ಮೆ ಬೆಲೆಬಾಳುವ ಸಮಯ ಕೈತಪ್ಪುತ್ತದೆ.

ಕಾಳಿನ ಪರಿಚಯ

ನಮ್ಮ ಭಾಗದಲ್ಲಿ ಅಜವಾನ ಎಂದು, ದಕ್ಷಿಣದ ಕಡೆಗೆ ಓಮ ಅಥವಾ ಓಂಕಾಳು ಎಂದು ಕರೆಯುವ ಈ ಕಾಳು ಕೊತ್ತಂಬರಿ, ಜೀರಿಗೆ, ಸಬ್ಬಸಿಗೆ, ಬಡೇಸೋಪುಗಳ ಕುಟುಂಬಕ್ಕೇ ಸೇರಿದ್ದು. ಸಂಸ್ಕೃತದಲ್ಲಿ ಇದರ ಹೆಸರು ಯವಾನಿ. ಕಾಳಿನಲ್ಲಿ ಸಾಮಾನ್ಯವಾಗಿ ಶೇಕಡಾ 2ರಿಂದ 4ರಷ್ಟು ಆವಿಯಾಗುವ ಎಣ್ಣೆಯಿರುತ್ತದೆ, ಆ ಎಣ್ಣೆಯ ದೊಡ್ಡ ಪಾಲು ಥೈಮಾಲ್ ಎಂಬ ವಸ್ತು. ಕಾಳನ್ನು ಉಜ್ಜಿದಾಗ ಮೂಗಿಗೆ ಬಡಿಯುವ ವಾಸನೆ, ಅಗಿದಾಗ ನಾಲಿಗೆಯ ತುದಿಗೆ ಬರುವ ಚುರುಕು, ಎರಡೂ ಅದರದೇ. ಪ್ರಯೋಗಾಲಯದಲ್ಲಿ ಪ್ರಾಣಿಗಳ ಕರುಳಿನ ಮೇಲೆ ನಡೆದ ಪರೀಕ್ಷೆಗಳಲ್ಲಿ ಅಜವಾನದ ಸಾರವು ಕರುಳಿನ ಸ್ನಾಯುಗಳ ಸೆಳೆತವನ್ನು ಸಡಿಲಿಸುವುದು ಕಂಡುಬಂದಿದೆ. ಉಬ್ಬರದಲ್ಲಿ ಹಿಡಿದುಕೊಂಡ ಹೊಟ್ಟೆ ಸ್ವಲ್ಪ ಹೊತ್ತಿನಲ್ಲಿ ಹಗುರಾಗುವ ನಮ್ಮ ಅನುಭವಕ್ಕೆ ಇದು ಹೊಂದುತ್ತದೆ. ಆದರೆ ಮನುಷ್ಯರ ಮೇಲೆ ನಡೆದ ದೊಡ್ಡ ಪರೀಕ್ಷೆಗಳು ಕಡಿಮೆ, ಆದ್ದರಿಂದ ಇದನ್ನು ಸಣ್ಣ ತೊಂದರೆಯ ಉಪಶಮನವೆಂದು ತಿಳಿಯಬೇಕೇ ಹೊರತು ರೋಗದ ಚಿಕಿತ್ಸೆಯೆಂದಲ್ಲ.

16ನೇ ಶತಮಾನದ ಭಾವಪ್ರಕಾಶ ನಿಘಂಟು ಯವಾನಿಯನ್ನು ಪಾಚನಿ, ದೀಪನಿ ಎಂದು, ಅಂದರೆ ಅನ್ನವನ್ನು ಪಚನಗೊಳಿಸುವಂಥದು, ಹಸಿವನ್ನು ಕೆರಳಿಸುವಂಥದು ಎಂದು ಹೊಗಳುತ್ತದೆ. ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಸೇರಿಸುತ್ತದೆ: ಇದು ಪಿತ್ತವನ್ನು ಹೆಚ್ಚಿಸುವಂಥದು. ಹೊಗಳಿಕೆಯನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ಈ ಎರಡನೆಯ ಮಾತನ್ನು ಬಹಳ ಜನ ಮರೆತಿದ್ದಾರೆ. ಎದೆಯುರಿ ಇದ್ದವರಿಗೆ ಅಜವಾನ ಕೊಟ್ಟು ಉರಿ ಇಮ್ಮಡಿಯಾಗುವುದು ಈ ಮರೆವಿನಿಂದಲೇ.

ಮೊದಲ ಹೆಜ್ಜೆ: ಇದು ಅಜವಾನದ ಹೊಟ್ಟೆಯೇ?

ಅಜವಾನಕ್ಕೆ ಒಪ್ಪುವ ತೊಂದರೆಯ ಚಿತ್ರ ಬಹಳ ಸ್ಪಷ್ಟವಾಗಿರುತ್ತದೆ. ಭಾರವಾದ, ಎಣ್ಣೆಯ ಅಥವಾ ಬೇಳೆಕಾಳಿನ ಊಟವಾಗಿ ಒಂದೆರಡು ತಾಸಿನಲ್ಲಿ ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ, ತೇಗು ಬಂದರೆ ಅಥವಾ ವಾಯು ಹೋದರೆ ಹಗುರೆನಿಸುತ್ತದೆ, ನೋವು ಒಂದೇ ಕಡೆಗೆ ನಿಲ್ಲದೆ ಅಲ್ಲಿ ಇಲ್ಲಿ ಹಿಂಡಿದಂತೆ ಓಡಾಡುತ್ತದೆ, ಜ್ವರವಿರುವುದಿಲ್ಲ, ಮುಂದಿನ ಊಟದ ಹೊತ್ತಿಗೂ ಹಸಿವೆನಿಸುವುದಿಲ್ಲ. ಇಷ್ಟಿದ್ದರೆ ಮುಂದಿನ ಹೆಜ್ಜೆಗಳಿಗೆ ಹೋಗಬಹುದು.

ಎದೆಯುರಿ, ಹುಳಿತೇಗು, ಬರಿಹೊಟ್ಟೆಯಲ್ಲಿ ಹೆಚ್ಚಾಗುವ ಉರಿನೋವು, ಬಾಯಿಹುಣ್ಣು, ಹೊಟ್ಟೆಯ ಹುಣ್ಣಿನ ಹಳೆಯ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ಅಜವಾನ ಬೇಡ. ಭೇದಿಯಾಗುತ್ತಿದ್ದರೆ ಅಜವಾನಕ್ಕಿಂತ ಮೊದಲು ಬೇಕಾದದ್ದು ನೀರು ಮತ್ತು ಉಪ್ಪು. ಔಷಧ ಅಂಗಡಿಯ ಓಆರ್‌ಎಸ್ ಪುಡಿ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಚಹಾ ಚಮಚ ಉಪ್ಪು ಕಲಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಬೇಕು. ಮಗುವಿಗೆ ಭೇದಿಯಾದಾಗ ಈ ಅಳತೆ ಹೆಚ್ಚುಕಡಿಮೆ ಆಗಬಾರದು. ಕೈಯಂದಾಜು ಇಲ್ಲಿ ನಡೆಯುವುದಿಲ್ಲ.

ಇನ್ನು ಕೆಲವು ಲಕ್ಷಣಗಳಿದ್ದರೆ ಡಬ್ಬಿಯನ್ನು ತೆರೆಯಲೇಬಾರದು, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆಯ ಕೆಳಹೊಟ್ಟೆಗೆ ಇಳಿದು ಅಲ್ಲಿಯೇ ನಿಲ್ಲುವ ನೋವು, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗುವುದು, ಮಲವೂ ವಾಯುವೂ ಪೂರ್ತಿ ಕಟ್ಟಿ ವಾಂತಿಯಾಗುವುದು, ಮಲ ಡಾಂಬರಿನಂತೆ ಕಪ್ಪಾಗುವುದು ಅಥವಾ ರಕ್ತ ಬೀಳುವುದು, ಜ್ವರ, ಕಣ್ಣು ಹಳದಿಯಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟವಾಗುವುದು, ಗರ್ಭಿಣಿಯ ಹೊಟ್ಟೆನೋವು, ಇವೆಲ್ಲ ವೈದ್ಯರು ನೋಡಬೇಕಾದ ಸಂಗತಿಗಳು.

ಇವೆಲ್ಲಕ್ಕಿಂತ ಮೇಲಾಗಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾಗಿದೆ. ನನ್ನ ದೊಡ್ಡಪ್ಪನಿಗೆ ಒಂದು ಮುಂಜಾನೆ ಹೊಲದಿಂದ ಬಂದ ಮೇಲೆ ಎದೆಯ ನಡುವೆ ಯಾರೋ ಕೂತಂತೆ ಭಾರವಾಯಿತು, ಮೈಯೆಲ್ಲ ಬೆವರಿತು. ಹಿಂದಿನ ರಾತ್ರಿ ಕಡುಬು ಉಂಡಿದ್ದರಿಂದ ಅದು ಗ್ಯಾಸ್ ಎಂದು ಮನೆಯವರೆಲ್ಲ ನಂಬಿದೆವು. ಅವರು ಎರಡು ಸಲ ಅಜವಾನ ಅಗಿದರು, ಒಂದು ಸಲ ಸೋಡಾ ಕುಡಿದರು, ಹೊರಸಿನ ಮೇಲೆ ಮಗ್ಗಲು ಬದಲಿಸುತ್ತಾ ಮೂರು ತಾಸು ಕಳೆದರು. ಅದು ಹೃದಯಾಘಾತವೆಂದು ತಿಳಿದದ್ದು ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗ. ಜೀವ ಉಳಿಯಿತು, ಆದರೆ ಹೃದಯದ ಒಂದು ಭಾಗ ಸೋತುಹೋಯಿತು. ಆಮೇಲೆ ಅವರು ಮೊದಲಿನಂತೆ ನೊಗ ಹೊರಲಿಲ್ಲ. ಆ ಮೂರು ತಾಸನ್ನು ನೆನೆದರೆ ಇಂದಿಗೂ ನನ್ನ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಎದೆಯ ನಡುವೆ ಒತ್ತಡ, ಎಡಗೈಗೆ, ದವಡೆಗೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ಕಷ್ಟ, ಇವು ಕಂಡರೆ ಅದನ್ನು ಗ್ಯಾಸ್ ಎನ್ನದೆ 108ಕ್ಕೆ ಕರೆ ಮಾಡಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಹೆಣ್ಣುಮಕ್ಕಳಲ್ಲಿ ಹೃದಯದ ತೊಂದರೆಯು ಕೆಲವೊಮ್ಮೆ ಬರೀ ಮೇಲುಹೊಟ್ಟೆಯ ಸಂಕಟ, ವಾಕರಿಕೆ, ವಿಪರೀತ ಸುಸ್ತಿನ ರೂಪದಲ್ಲಿಯೇ ಬರುವುದುಂಟು ಎಂಬುದನ್ನೂ ಮನೆಯವರು ತಿಳಿದಿರಬೇಕು.

ಕೊಳ್ಳುವುದು, ಹಸನು ಮಾಡುವುದು, ಇಡುವುದು

ಕಿರಾಣಿ ಅಂಗಡಿಯಲ್ಲಾಗಲಿ ಸಂತೆಯಲ್ಲಾಗಲಿ ಅಜವಾನವನ್ನು ಕಣ್ಣಿನಿಂದ ಕೊಳ್ಳಬಾರದು, ಮೂಗಿನಿಂದ ಕೊಳ್ಳಬೇಕು. ಹತ್ತಿಪ್ಪತ್ತು ಕಾಳನ್ನು ಅಂಗೈಯಲ್ಲಿ ಹಾಕಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿದಾಗ ವಾಸನೆ ಕೂಡಲೇ ಏಳಬೇಕು, ನಾಲ್ಕು ಕಾಳು ಅಗಿದರೆ ನಾಲಿಗೆ ಚುರುಗುಟ್ಟಿ ಸ್ವಲ್ಪ ಜೋಮು ಹಿಡಿದಂತಾಗಬೇಕು. ಧೂಳಿನ ವಾಸನೆ ಮಾತ್ರ ಬಂದರೆ ಅದರ ಎಣ್ಣೆ ಹಾರಿಹೋಗಿದೆ ಎಂದರ್ಥ. ಅದನ್ನು ಎಷ್ಟು ತಿಂದರೂ ಪ್ರಯೋಜನವಿಲ್ಲ. ಒಳ್ಳೆಯ ಕಾಳು ಬೂದುಮಿಶ್ರಿತ ಕಂದು ಬಣ್ಣದ್ದು, ಮೈಮೇಲೆ ಸಣ್ಣ ಗೆರೆಗಳುಳ್ಳದ್ದು, ಜೀರಿಗೆಗಿಂತ ಬಹಳ ಚಿಕ್ಕದು.

ಅಜಮೋದ ಎಂಬುದು ಬೇರೆಯೇ ಕಾಳು. ಗ್ರಂಥಿಗೆ ಅಂಗಡಿಗಳಲ್ಲಿ ಎರಡನ್ನೂ ಅದಲುಬದಲಾಗಿ ಕೊಡುವುದುಂಟು, ಹೆಸರು ಹೇಳಿ ಕೇಳಿದ ಮೇಲೂ ಉಜ್ಜಿ ನೋಡುವುದು ಒಳ್ಳೆಯದು. ಹಾಗೆಯೇ ಓಮದ ಹೂವು ಅಥವಾ ಅಜವಾನದ ಹೂವು ಎಂದು ಮಾರುವ ಬಿಳಿಯ ಹರಳುಗಳು ಹೂವಲ್ಲ. ಅವು ಶುದ್ಧ ಥೈಮಾಲ್. ಅವನ್ನು ಕಾಳಿನಂತೆ ಬಾಯಿಗೆ ಹಾಕಿಕೊಂಡರೆ ಬಾಯಿ, ಗಂಟಲು, ಜಠರ ಸುಡುತ್ತವೆ. ಮನೆಯಲ್ಲಿ ಅವನ್ನು ಇಟ್ಟುಕೊಳ್ಳುವ ಅಗತ್ಯವೇ ಇಲ್ಲ, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ ಖಂಡಿತ ಬೇಡ.

ತಂದ ಕಾಳನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಾಕಿ ಮಣ್ಣು ತೆಗೆದು, ಮೊರದಲ್ಲಿ ಕೇರಿ ಕಡ್ಡಿ ಆರಿಸಬೇಕು. ಕಟುವಾದ ಬಿಸಿಲಿಗೆ ಹಾಕಬಾರದು. ನೆರಳಿನಲ್ಲಿ ಅರ್ಧ ದಿನ ಹರಡಿದರೆ ಸಾಕು. ಗಾಜಿನ ಬಿಗಿಮುಚ್ಚಳದ ಬಾಟಲಿಯಲ್ಲಿ, ಒಲೆಯಿಂದ ದೂರವಾದ ಕತ್ತಲೆಯ ಮೂಲೆಯಲ್ಲಿ ಇಡೀ ಕಾಳಾಗಿಯೇ ಇಟ್ಟರೆ ವರ್ಷದವರೆಗೆ ಕಸುವು ಉಳಿಯುತ್ತದೆ. ಪುಡಿ ಮಾಡಿದ್ದು ತಿಂಗಳೊಳಗೆ ಮುಗಿಯಬೇಕು.

ಅಗಿಯುವ ಕ್ರಮ

ಎಲ್ಲಕ್ಕಿಂತ ಸರಳವಾದ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ವಿಧಾನ ಇದು. ಮಟ್ಟಸವಾದ ಅರ್ಧ ಚಹಾ ಚಮಚ, ಅಂದರೆ ಸುಮಾರು 1 ಗ್ರಾಂ ಕಾಳನ್ನು ಎಡ ಅಂಗೈಗೆ ಹಾಕಿಕೊಂಡು, ಬಲಗೈಯ ಹೆಬ್ಬೆರಳಿನಿಂದ ತಂಬಾಕು ತಿಕ್ಕಿದಂತೆ ಇಪ್ಪತ್ತು ಮೂವತ್ತು ಸಲ ತಿಕ್ಕಬೇಕು. ಕಾಳು ಬಿರಿದು ಅಂಗೈ ಬೆಚ್ಚಗಾಗಿ ವಾಸನೆ ಮುಖಕ್ಕೆ ಬರುತ್ತದೆ. ಮೇಲೆದ್ದ ಹೊಟ್ಟನ್ನು ಊದಿ ಹಾರಿಸಿ, ನಾಲ್ಕು ಹರಳು ಸೈಂಧವ ಲವಣ ಸೇರಿಸಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯಬೇಕು. ನುಂಗುವ ಆತುರ ಬೇಡ. ಎರಡು ನಿಮಿಷವಾದರೂ ಬಾಯಲ್ಲಿದ್ದು ಜೊಲ್ಲಿನೊಂದಿಗೆ ಇಳಿಯಬೇಕು. ಆಮೇಲೆ ಉಗುರುಬೆಚ್ಚಗಿನ ನೀರನ್ನು ಗುಟುಕು ಗುಟುಕಾಗಿ ಅರ್ಧ ಲೋಟ ಕುಡಿದು, ಮಲಗದೆ ಅಂಗಳದಲ್ಲಿ ಹತ್ತು ನಿಮಿಷ ಅಡ್ಡಾಡಬೇಕು. ರಕ್ತದೊತ್ತಡ ಇರುವವರು ಉಪ್ಪನ್ನು ಬಿಟ್ಟುಬಿಡಬೇಕು, ಉಪ್ಪಿಲ್ಲದೆಯೂ ಅಜವಾನ ಕೆಲಸ ಮಾಡುತ್ತದೆ.

ಅರ್ಧ ತಾಸಿನಿಂದ ಒಂದು ತಾಸಿನೊಳಗೆ ತೇಗು ಬಂದು ಬಿಗುವು ಸಡಿಲಾಗದಿದ್ದರೆ ಮತ್ತೆ ಮತ್ತೆ ಅಗಿಯುತ್ತಾ ಹೋಗಬಾರದು. ದೊಡ್ಡವರಿಗೆ ದಿನಕ್ಕೆ ಎರಡು ಸಲ, ಸತತವಾಗಿ ಎರಡು ಮೂರು ದಿನ, ಅಷ್ಟೇ ಮಿತಿ.

ಕಷಾಯ ಮಾಡುವಾಗ ಮುಚ್ಚಳವೇ ಮುಖ್ಯ

ಹಲ್ಲಿಲ್ಲದ ಹಿರಿಯರಿಗೆ, ಅಗಿಯಲು ಆಗದವರಿಗೆ ಕಷಾಯ ಅನುಕೂಲ. ಒಂದು ಚಹಾ ಚಮಚ ಅಜವಾನವನ್ನು ಕುಟ್ಟಣಿಗೆಯಲ್ಲಿ ಹಾಕಿ, ಪುಡಿಯಾಗದಂತೆ, ಬಿರಿಯುವಷ್ಟು ಮಾತ್ರ ಕುಟ್ಟಬೇಕು. ಪಾತ್ರೆಯಲ್ಲಿ 300 ಮಿಲಿಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಉರಿ ಸಣ್ಣ ಮಾಡಿ, ಕುಟ್ಟಿದ ಕಾಳು ಹಾಕಿ ತಕ್ಷಣ ಮುಚ್ಚಬೇಕು. ಐದು ನಿಮಿಷ ಸಣ್ಣಗೆ ಕುದ್ದ ಮೇಲೆ ಒಲೆ ಆರಿಸಿ, ಮುಚ್ಚಳ ತೆಗೆಯದೆ ಇನ್ನೂ ಹತ್ತು ನಿಮಿಷ ಬಿಡಬೇಕು.

ಬಹಳ ಮನೆಗಳಲ್ಲಿ ಕಷಾಯವನ್ನು ತೆರೆದ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸುತ್ತಾರೆ. ಬೇರು ತೊಗಟೆಗಳ ಕಷಾಯಕ್ಕೆ ಅದು ಸರಿಯಾದ ಕ್ರಮವಿರಬಹುದು, ಅಜವಾನಕ್ಕೆ ಮಾತ್ರ ಸರಿಯಲ್ಲ. ಇದರ ಗುಣವಿರುವ ಎಣ್ಣೆ ಉಗಿಯೊಂದಿಗೆ ಹಾರುವಂಥದು. ಅಡುಗೆಮನೆಯೆಲ್ಲ ಘಮಘಮಿಸುತ್ತಿದೆ ಎಂದರೆ ಮದ್ದು ಪಾತ್ರೆಯಿಂದ ಗಾಳಿಗೆ ಹೋಗುತ್ತಿದೆ ಎಂದೇ ತಿಳಿಯಬೇಕು. ಔಷಧ ಅಂಗಡಿಯಲ್ಲಿ ಸಿಗುವ ಓಂವಾಟರ್ ತಯಾರಾಗುವುದೂ ಆ ಉಗಿಯನ್ನು ಹಿಡಿದು ತಣಿಸುವುದರಿಂದಲೇ. ಮನೆಯಲ್ಲಿ ಹತ್ತು ನಿಮಿಷದ ನಂತರ ಮುಚ್ಚಳ ತೆಗೆದಾಗ ಅದರ ಒಳಮೈಯಲ್ಲಿ ಕಟ್ಟಿದ ಹನಿಗಳನ್ನು ಬೆರಳಿನಿಂದ ಒರೆಸಿ ಮೂಸಿ ನೋಡಿದರೆ ನಾನು ಹೇಳುತ್ತಿರುವುದು ಸ್ಪಷ್ಟವಾಗುತ್ತದೆ. ಆ ಹನಿಗಳನ್ನು ಚೆಲ್ಲದೆ ಪಾತ್ರೆಗೇ ಕೊಡವಿ, ಸೋಸಿ, ಬೆಚ್ಚಗಿರುವಾಗಲೇ ಅರ್ಧವನ್ನು ಗುಟುಕರಿಸಬೇಕು. ಉಳಿದರ್ಧ ಬೇಕಾದರೆ ನಾಲ್ಕೈದು ತಾಸಿನ ನಂತರ ಕುಡಿಯಬಹುದು, ಮರುದಿನಕ್ಕೆ ಇಡಬಾರದು. ಬೆಲ್ಲ ಹಾಕುವ ರೂಢಿಯಿದೆ. ಚೂರು ಹಾಕಿದರೆ ಅಡ್ಡಿಯಿಲ್ಲ, ಸಕ್ಕರೆ ಕಾಯಿಲೆಯವರಿಗೆ ಬೇಡ.

ಮಜ್ಜಿಗೆಗೆ ಹಾಕುವ ಪುಡಿ

ಹಬ್ಬದ ದಿನಗಳಿಗೆ ಈ ಪುಡಿಯನ್ನು ಮೊದಲೇ ಮಾಡಿಟ್ಟುಕೊಳ್ಳಬಹುದು. ಅಜವಾನ 50 ಗ್ರಾಂ, ಜೀರಿಗೆ 50 ಗ್ರಾಂ, ಒಣಶುಂಠಿ 25 ಗ್ರಾಂ, ಸೈಂಧವ ಲವಣ 10 ಗ್ರಾಂ, ಹಿಂಗು 2 ಗ್ರಾಂ. ದಪ್ಪ ತಳದ ಬಾಣಲೆ ಕಾದ ಮೇಲೆ ಉರಿಯನ್ನು ಪೂರ್ತಿ ಇಳಿಸಿ ಮೊದಲು ಜೀರಿಗೆಯನ್ನು ಬಣ್ಣ ತಿರುಗುವವರೆಗೆ ಹುರಿದು ತೆಗೆಯಬೇಕು. ಅಜವಾನವನ್ನು ಹಾಗೆ ಹುರಿಯಬಾರದು. ಒಲೆ ಆರಿಸಿದ ಬಾಣಲೆಯ ಬಿಸಿಯಲ್ಲಿಯೇ ಒಂದು ನಿಮಿಷ ಕೈಯಾಡಿಸಿ, ಹಸಿ ಹೋದ ಕೂಡಲೇ ಅಗಲವಾದ ತಾಟಿಗೆ ಸುರಿಯಬೇಕು. ಹಿಂಗನ್ನು ಅರ್ಧ ಚಮಚ ತುಪ್ಪದಲ್ಲಿ ಉಬ್ಬಿಸಿ ತಣಿಸಬೇಕು. ಎಲ್ಲವೂ ಪೂರ್ತಿ ಆರಿದ ಮೇಲೆ ಪುಡಿಮಾಡಿ, ಶುಂಠಿಯ ನಾರು ಉಳಿಯದಂತೆ ಜರಡಿ ಹಿಡಿಯಬೇಕು. ಅಂಗಡಿಯ ಬಾಂಧಾನಿ ಹಿಂಗಿನಲ್ಲಿ ಸಾಮಾನ್ಯವಾಗಿ ಗೋದಿಯ ಹಿಟ್ಟು ಬೆರೆತಿರುತ್ತದೆ. ಗೋದಿ ಒಗ್ಗದವರು ಹಿಂಗನ್ನು ಬಿಡುವುದೇ ಸುರಕ್ಷಿತ.

ಊಟದ ಕೊನೆಗೆ ಒಂದು ಲೋಟ ತೆಳುವಾದ, ಹುಳಿಯಿಲ್ಲದ ಮಜ್ಜಿಗೆಗೆ ಅರ್ಧ ಚಹಾ ಚಮಚ ಪುಡಿ ಕಲಸಿ ಕುಡಿಯುವುದು ಒಂದು ಕ್ರಮ. ಬಿಸಿ ಅನ್ನದ ಮೊದಲ ತುತ್ತಿಗೆ ತುಪ್ಪದೊಂದಿಗೆ ಕಲಸಿ ಉಣ್ಣುವುದು ಇನ್ನೊಂದು. ಆಯುರ್ವೇದದ ಹಿಂಗ್ವಾಷ್ಟಕ ಚೂರ್ಣವನ್ನು ಮೊದಲ ತುತ್ತಿಗೆ ತುಪ್ಪದಲ್ಲಿ ಕಲಸಿಯೇ ಕೊಡುತ್ತಾರೆ. ಒಣಶುಂಠಿ, ಮೆಣಸು, ಹಿಪ್ಪಲಿ, ಅಜಮೋದ, ಸೈಂಧವ, ಎರಡು ಬಗೆಯ ಜೀರಿಗೆ, ಹಿಂಗು ಸೇರಿ ಎಂಟು ವಸ್ತುಗಳ ಆ ಚೂರ್ಣ ನಮ್ಮ ಪುಡಿಗಿಂತ ತೀಕ್ಷ್ಣವಾದದ್ದು, ಅದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಹತ್ತಿರದಲ್ಲಿ ಆಯುರ್ವೇದ ಕಾಲೇಜು ಆಸ್ಪತ್ರೆಯಿದ್ದರೆ ಕೇಳುವುದು ಕಷ್ಟವೂ ಅಲ್ಲ.

ಬಿಸಿ ಗಂಟಿನ ಶಾಖ

ಬಾಯಿಯಿಂದ ಏನೂ ಬೇಡವೆನ್ನುವವರಿಗೆ ಹಳೆಯ ಧೋತರದ ಬಟ್ಟೆಯಲ್ಲಿ ಎರಡು ಹಿಡಿ ಅಜವಾನ ಕಟ್ಟಿ, ಹಂಚಿನ ಮೇಲೆ ಒತ್ತಿ ಬಿಸಿಮಾಡಿ, ಹೊಕ್ಕುಳ ಸುತ್ತ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಶಾಖ ಕೊಡುವುದುಂಟು. ಪ್ರತಿ ಸಲ ಮೊದಲು ತಮ್ಮ ಮುಂಗೈಗೆ ಒತ್ತಿ ನೋಡಿಯೇ ಹೊಟ್ಟೆಗೆ ಒತ್ತಬೇಕು. ನೋವು ಒಂದೇ ಕಡೆಗೆ ನಿಂತಿದ್ದರೆ ಶಾಖ ಕೊಡಬಾರದು.

ಮಕ್ಕಳು, ಬಸುರಿಯರು, ಗುಳಿಗೆ ನುಂಗುವವರು

ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ. ಓಂವಾಟರ್ ಆಗಲಿ, ಅಜವಾನದ ನೀರಾಗಲಿ, ಜೇನಿನಲ್ಲಿ ತೇಯ್ದದ್ದಾಗಲಿ ಕೊಡಬಾರದು. ವರ್ಷ ತುಂಬುವವರೆಗೆ ಜೇನು ಎಂತೂ ನಿಷಿದ್ಧ. ಅಳುವ ಕೂಸಿಗೆ ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತೇಗಿಸುವುದೇ ದೊಡ್ಡ ಮದ್ದು. ಬಾಣಂತಿಯ ಕೋಣೆಯಲ್ಲಿ ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಲೋಬಾನ ಹಾಕಿ ಹೊಗೆ ಹಿಡಿಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಹಿರಿಯರ ಪ್ರೀತಿ ಅದರಲ್ಲಿದೆ ಎಂಬುದನ್ನು ನಾನು ಬಲ್ಲೆ, ಆದರೂ ಬಾಗಿಲು ಮುಚ್ಚಿದ ಕೋಣೆಯ ಹೊಗೆ ಕೂಸಿನ ಎಳೆಯ ಶ್ವಾಸಕೋಶಕ್ಕೆ ಕೆಟ್ಟದ್ದು. ಆ ರೂಢಿಯನ್ನು ಬಿಡಬೇಕೆಂದು ಕೈಮುಗಿದು ಕೇಳುತ್ತೇನೆ. ಎರಡು ವರ್ಷ ದಾಟಿದ ಮಕ್ಕಳಿಗೂ ಅಡುಗೆಯಲ್ಲಿ ಬೀಳುವ ಚಿಟಿಕೆ ಸಾಕು, ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಮಕ್ಕಳ ವೈದ್ಯರನ್ನು ಕೇಳಬೇಕು.

ಬಸುರಿಯರು ಅಡುಗೆಯಲ್ಲಿರುವುದನ್ನು ಉಣ್ಣಬಹುದು, ಮದ್ದಿನ ಅಳತೆಯಲ್ಲಿ ತೆಗೆದುಕೊಳ್ಳಬಾರದು. ರಕ್ತ ತೆಳುವಾಗುವ ಗುಳಿಗೆ ನುಂಗುವವರು, ಯಕೃತ್ತಿನ ಕಾಯಿಲೆಯವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ವೈದ್ಯರಿಗೆ ತಿಳಿಸದೆ ನಿತ್ಯ ಸೇವಿಸಬಾರದು. ಆಸ್ಪತ್ರೆಗೆ ಹೋದಾಗ "ಮನೆಮದ್ದು ಏನಾದರೂ ತಗೊಂಡೀರೇನು?" ಎಂದು ಕೇಳಿದರೆ ಸಂಕೋಚಪಡದೆ ಎಷ್ಟು, ಯಾವಾಗ ಎಂದು ಹೇಳಬೇಕು.

ಪದೇ ಪದೇ ಉಬ್ಬುವ ಹೊಟ್ಟೆಗೆ

ವಾರಕ್ಕೆ ಎರಡು ಮೂರು ಸಲ ಉಬ್ಬರ ಬರುತ್ತಿದ್ದರೆ ಒಮ್ಮೆ ವೈದ್ಯರಿಗೆ ತೋರಿಸಬೇಕು. ಅವರು ಗಾಬರಿಯಿಲ್ಲ ಎಂದ ಮೇಲೆ ಅಜವಾನವನ್ನು ಮದ್ದಿನ ಡಬ್ಬಿಯಿಂದ ತೆಗೆದು ಅಡುಗೆಯ ಡಬ್ಬಿಗೆ ಹಾಕುವುದು ಒಳ್ಳೆಯ ದಾರಿ. ಮಿರ್ಚಿ ಭಜಿಯ ಕಡಲೆಹಿಟ್ಟಿಗೆ ಅಜವಾನ ತಿಕ್ಕಿ ಹಾಕುವುದು, ಜುಣಕದ ಒಗ್ಗರಣೆಗೆ ಚಿಟಿಕೆ ಉದುರಿಸುವುದು ನಮ್ಮಲ್ಲಿ ಹೊಸದೇನಲ್ಲ. ಮಡಕಿ ಕಾಳು, ಕಡಲೆಗಳನ್ನು ರಾತ್ರಿಯಿಡೀ ನೆನೆಸಿ, ನೆನೆಸಿದ ನೀರನ್ನು ಚೆಲ್ಲಿ ಬೇಯಿಸಿದರೆ ಅರ್ಧ ತೊಂದರೆ ಅಲ್ಲಿಯೇ ಕಡಿಮೆಯಾಗುತ್ತದೆ. ಹೊಟ್ಟೆ ಕೆಟ್ಟ ದಿನ ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಉಂಡು, ಕರಿದದ್ದನ್ನು ದೂರವಿಡಬೇಕು.

ಚವಳಿಕಾಯಿ ಪಲ್ಯದಲ್ಲಂತೂ ಅಜವಾನವಿಲ್ಲದಿದ್ದರೆ ನಮ್ಮ ಮನೆಯಲ್ಲಿ ಯಾರೂ ತಾಟಿಗೆ ಕೈ ಹಾಕುತ್ತಿರಲಿಲ್ಲ. ಕಾಲು ಕಿಲೋ ಎಳೆಯ ಚವಳಿಕಾಯಿಯ ನಾರು ತೆಗೆದು ಮುರಿದು ಉಪ್ಪುನೀರಿನಲ್ಲಿ ಬೇಯಿಸಿ ಬಸಿದುಕೊಳ್ಳಬೇಕು. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಅರಿಶಿನ, ಆಮೇಲೆ ಕಾಯಿ, ಖಾರಪುಡಿ, ಚೂರು ಬೆಲ್ಲ, ಒಂದು ಹಿಡಿ ಶೇಂಗಾ ಪುಡಿ ಹಾಕಿ ಕಲಸಬೇಕು. ಅಜವಾನವನ್ನು ಅವ್ವ ಒಗ್ಗರಣೆಗೆ ಹಾಕುತ್ತಿರಲಿಲ್ಲ; ಕಾದ ಎಣ್ಣೆಯಲ್ಲಿ ಅದರ ಕಸುವು ಸುಟ್ಟುಹೋಗುತ್ತದೆ ಎನ್ನುತ್ತಿದ್ದಳು. ಒಲೆ ಆರಿಸುವ ಮುಂಚೆ ಅರ್ಧ ಚಮಚ ಕಾಳನ್ನು ಅಂಗೈಯಲ್ಲಿ ತಿಕ್ಕಿ ಪಲ್ಯದ ಮೇಲೆ ಉದುರಿಸಿ, ಒಂದು ಸಲ ಕೈಯಾಡಿಸಿ, ತಾಟು ಮುಚ್ಚಿ ಐದು ನಿಮಿಷ ಹಾಗೆಯೇ ಬಿಡುತ್ತಿದ್ದಳು. ಆಮೇಲೆಯೇ ರೊಟ್ಟಿಯ ಮೇಲೆ ಬಡಿಸುತ್ತಿದ್ದಳು.